ಮೆಗ್ನೀಶಿಯಂ ಮನೆಯ ಎರಡು ಡಬ್ಬಿ

ರಾಧಿಕಾಳಿಗೆ ಲಿಫ್ಟು ಕೆಟ್ಟು ನಿಂತರೂ ಹೆದರಿಕೆ, ನಡೆದರೂ ಹೆದರಿಕೆ. ನಿಂತರೆ ಮಗಳು ಕತ್ತಲೆಯ ಮೆಟ್ಟಿಲು ಹತ್ತಿ ಬರಬೇಕಲ್ಲ ಎಂದು. ನಡೆದರೆ ಅದರೊಳಗೆ ಒಬ್ಬಳೇ ಸಿಕ್ಕಿಹಾಕಿಕೊಂಡರೆ ಎಂದು. ಚೆಂಬೂರಿನ ಆ ಬಿಲ್ಡಿಂಗಿನ ಐದನೆಯ ಮಾಳಿಗೆಯ ಮನೆಯಲ್ಲಿ ಗ್ಯಾಸಿನ ಕಿವಿ ತಿರುವಿದ್ದನ್ನು ಮತ್ತೆ ಮತ್ತೆ ಮುಟ್ಟಿ ನೋಡದೆ ಅವಳು ಬಾಗಿಲು ಎಳೆದುಕೊಂಡದ್ದೇ ಇಲ್ಲ. ರಿಫೈನರಿ ಕಡೆಯಿಂದ ಗಾಳಿ ತಿರುಗಿ ವಾಸನೆ ಬಂದ ದಿನ ಮಗಳ ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿ ಶಾಲೆಗೆ ಕಳಿಸುತ್ತಿದ್ದಳು. ಯಕ್ಷಿತಾ ಅದನ್ನು ಮೂರನೆಯ ಮಾಳಿಗೆಯಲ್ಲೇ ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದಳು. ತಾಯಿಗೆ ಅದು ಗೊತ್ತಿರಲಿಲ್ಲ.

ಹೆದರಿಕೆಗೆ ಕಾರಣವೂ ಇತ್ತು. ಯಕ್ಷಿತಾ ಏಳೇ ತಿಂಗಳಿಗೆ ಹುಟ್ಟಿದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ಜೀವ ಉಸಿರಾಡುವುದನ್ನು ರಾಧಿಕಾ ಹೊರಗೆ ನಿಂತು ನೋಡಿದವಳು. ತಾನು ಕಣ್ಣು ತೆಗೆದರೆ ಆ ಉಸಿರು ನಿಂತೀತು ಎಂದು ಆಗ ಅನ್ನಿಸಿತ್ತು. ಮಗಳಿಗೆ ಹದಿನಾಲ್ಕು ತುಂಬಿದರೂ ಅದು ಹೋಗಿರಲಿಲ್ಲ.

ರಾಧಿಕಾ ಹುಟ್ಟಿದ್ದೂ ಬೆಳೆದದ್ದೂ ಮುಂಬಯಿಯಲ್ಲೇ. ಸಿಂದಗಿ ಕಡೆಯಿಂದ ಬಂದು ಕಾರಖಾನೆಯ ಗೇಟು ಕಾಯುತ್ತಿದ್ದ ಅಪ್ಪ ಅವಳನ್ನು ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಹಾಕಿದ್ದ. ಹತ್ತನೆಯವರೆಗೆ ಅಲ್ಲಿ ಓದಿ, ಹನ್ನೆರಡನೆಯದನ್ನು ಕಾಮರ್ಸಿನಲ್ಲಿ ಮುಗಿಸುವಷ್ಟರಲ್ಲಿ ಮದುವೆಯಾಯಿತು. ಗಂಡ ಸೋಮನಾಥ ವಿಜಯಪುರದ ಹತ್ತಿರದ ಇಂಡಿ ಊರಿನವನು. ಮಾಹುಲ ರಸ್ತೆಯ ಒಂದು ಕಂಪನಿಯಲ್ಲಿ ಪಾಳಿ ಪ್ರಕಾರ ಕೆಲಸ. ತನಗೆ ಓದು ಮುಂದುವರಿಸಲು ಆಗಲಿಲ್ಲವೆಂಬ ಕೊರಗು ರಾಧಿಕಾಳಿಗೆ ಇರಲಿಲ್ಲ. ಮಗಳ ಓದು ನಿಂತೀತೆಂಬ ಕೊರಗು ಮಾತ್ರ ಅವಳು ಒಂದನೆಯ ಇಯತ್ತೆಯಲ್ಲಿದ್ದಾಗಿನಿಂದ ಇತ್ತು.

ಆ ಕೊರಗು ನಿಜವಾದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಯಕ್ಷಿತಾ ಒಂಬತ್ತನೆಯದರಲ್ಲಿ ಸೈನ್ಸಿನಲ್ಲಿ ಫೇಲಾಗಿದ್ದಳು. ಶಾಲೆಯ ಸುಪರ್‌ವೈಸರ್ ಮೇಡಂ ಕುರ್ಚಿ ತೋರಿಸಿ ಕೂರಿಸಿ, ಮೆತ್ತಗೆ ಹೇಳಿದರು.

"ದೇಖಿಯೆ, ದಸವೀ ಕಾ ರಿಜಲ್ಟ್ ಹಮಾರಾ ಹರ್ ಸಾಲ್ ಹಂಡ್ರೆಡ್ ಪರ್ಸೆಂಟ್ ರಹತಾ ಹೈ. ಕಚ್ಚೇ ಬಚ್ಚೇ ಹಮ್ ಆಗೇ ನಹೀ ಲೇತೇ."

ನೂರಕ್ಕೆ ನೂರು ಫಲಿತಾಂಶದ ಶಾಲೆ, ಕಚ್ಚಾ ಮಕ್ಕಳನ್ನು ಹತ್ತನೆಯದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಮರುಪರೀಕ್ಷೆ. ಅದರಲ್ಲಿ ಪಾಸಾದರೆ ಹತ್ತನೆಯ ವರ್ಗ. ಇಲ್ಲವಾದರೆ ಲೀವಿಂಗ್ ಸರ್ಟಿಫಿಕೇಟು ತೆಗೆದುಕೊಂಡು, ಹದಿನೇಳು ನಂಬರಿನ ಫಾರ್ಮು ತುಂಬಿ, ಹತ್ತನೆಯದನ್ನು ಹೊರಗಿನಿಂದ ಕಟ್ಟಬೇಕು. ಮೇಡಂ ಇದನ್ನು ಎಷ್ಟು ಸಲ ಎಷ್ಟು ಜನ ತಾಯಂದಿರಿಗೆ ಹೇಳಿದ್ದರೋ, ಅವರ ದನಿಯಲ್ಲಿ ಒಂದು ಮುಳ್ಳೂ ಇರಲಿಲ್ಲ.

ಹೊರಗೆ ವರಾಂಡದಲ್ಲಿ ಸೈನ್ಸಿನ ಅನಿಲಕುಮಾರ ಸರ್ ಸಿಕ್ಕರು. ಉಡುಪಿ ಕಡೆಯವರು. ರಾಧಿಕಾ ಕನ್ನಡದವಳೆಂದು ಗೊತ್ತಾಗಿ ಕನ್ನಡದಲ್ಲೇ ಮಾತಾಡಿದರು.

"ಫಿಸಿಕ್ಸ್ ಹೇಗೋ ಎಳೀತಾಳೆ ಅಮ್ಮ. ಕೆಮಿಸ್ಟ್ರಿಯಲ್ಲಿ ಸೂತ್ರ ಬರೀಲಿಕ್ಕೇ ಗೊತ್ತಿಲ್ಲ ಅವಳಿಗೆ. ವೇಲೆನ್ಸಿ ಹಿಡ್ಕೊಂಡು ಸೂತ್ರ ಬರಿಯೋದೊಂದು ಕಲಿಸಿ. ಸಮೀಕರಣ, ಲವಣ, ಎಲ್ಲ ನಿಂತಿರುದೇ ಅದರ ಮೇಲೆ."

ಮನೆಗೆ ಬಂದಾಗ ಅತ್ತೆ ರುದ್ರವ್ವ ಶೇಂಗಾಕಾಯಿ ಸುಲಿಯುತ್ತ ಕೂತಿದ್ದಳು. ಆಕೆ ಇರುವುದು ಇಂಡಿಯಲ್ಲಿ, ಸಣ್ಣ ಮಗ ಸಂಗಪ್ಪನ ಜತೆ. ಬೇಸಿಗೆಗೆಂದು ಮುಂಬಯಿಗೆ ಬಂದಿದ್ದಳು. ಸುದ್ದಿ ಕೇಳಿ ಕಾಯಿ ಸುಲಿಯುವುದನ್ನೇನೂ ನಿಲ್ಲಿಸಲಿಲ್ಲ.

"ಹತ್ತನೇತ್ತಕ್ಕ ತಗೊಳ್ಳಲಿಲ್ಲಂದ್ರ ನಾ ಕರಕೊಂಡು ಹೋಗ್ತೀನಿ. ನಮ್ಮ ಸಂಗಪ್ಪನ ಮನಿ ಬಾಜೂಕ ಹೈಸ್ಕೂಲ ಐತಿ. ಇಲ್ಲಿ ಆ ಹುಡುಗಿ ಉಸಿರು ಬಿಡಬೇಕಾದ್ರೂ ನಿನ್ನ ಕೇಳಿ ಬಿಡ್ತೈತಿ."

"ಅತ್ತೀ, ಅಕಿ ಇನ್ನಾ ಸಣ್ಣಾಕಿ."

"ಸಣ್ಣಾಕೀನ ಇರಲಿ. ಅಲ್ಲೇನು ಹುಲಿ ಅದಾವ?"

ಸಂಜೆ ಪಾಳಿ ಮುಗಿಸಿ ಬಂದ ಸೋಮನಾಥ ಇಬ್ಬರ ಮಾತೂ ಕೇಳಿದ. ಅವನು ಜಗಳಕ್ಕೆ ನಿಲ್ಲುವ ಗಂಡಸಲ್ಲ, ಸುಸ್ತಾಗಿದ್ದ. "ಪಾಸಾದ್ರ ಇಲ್ಲಿ, ಇಲ್ಲಂದ್ರ ಇಂಡಿ. ಮುಗೀತಲ್ಲ," ಎಂದು ಕಾಲು ತೊಳೆಯಲು ಎದ್ದು ಹೋದ.

ಯಕ್ಷಿತಾ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ಆಮೇಲೆ ಸಣ್ಣಗೆ ಕೇಳಿದಳು: "ಮಮ್ಮಿ, ಇಂಡೀದಾಗ ಇಂಗ್ಲಿಷ್ ಮೀಡಿಯಮ್ ಅದ ಕ್ಯಾ?"

ಆ ದನಿಯಲ್ಲಿ ರಾಧಿಕಾಳಿಗೆ ಅಳು ಕೇಳಿಸಿತು. "ನಿನ್ನ ನಾ ಎಲ್ಲೂ ಕಳಸೂದಿಲ್ಲ," ಎಂದು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಆ ಕ್ಷಣದಿಂದ ಅವಳಿಗೆ ಬೇರೆ ಕೆಲಸ ಇರಲಿಲ್ಲ.

ಕಲಿಸುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ರಾಧಿಕಾ ಓದಿದ್ದು ಕನ್ನಡದಲ್ಲಿ, ಅದೂ ಎಂದೋ. ಧಾತುಗಳ ಹೆಸರು, ಅವುಗಳ ಮುಂದೆ ಒಂದು, ಎರಡು, ಮೂರು ಎಂಬ ವೇಲೆನ್ಸಿ, ಆ ಅಂಕಿಗಳನ್ನು ಕತ್ತರಿಯ ಹಾಗೆ ಅಡ್ಡ ದಾಟಿಸುವುದು: ಅಷ್ಟು ನೆನಪಿತ್ತು. ಏಕೆ ದಾಟಿಸಬೇಕೆಂದು ಮಗಳು ಕೇಳಿದರೆ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ದನಿ ಏರುತ್ತಿತ್ತು.

"ಅಲ್ಯುಮಿನಿಯಂದು ಎಷ್ಟು?"

"ತ್ರೀ."

"ಆಕ್ಸಿಜನ್ನಿಂದು?"

"ಟು... ನಹೀ, ಒನ್?"

"ಈಗಿನ್ನಾ ಹೇಳೀನಲ್ಲ. ಎಲ್ಲಿ ಇಟ್ಟೀ ತಲಿ?"

ಯಕ್ಷಿತಾಳ ಅಂಗೈ ಬೆವೆತು ಪೆನ್ಸಿಲು ಜಾರುತ್ತಿತ್ತು. ಸರಿ ಉತ್ತರ ಬರೆದು ತಾಯಿಯ ಮುಖ ನೋಡುವಳು. ಆ ಮುಖದಲ್ಲಿ ಹುಬ್ಬು ಸ್ವಲ್ಪ ಅಲುಗಿದರೆ ಸಾಕು, ಬರೆದದ್ದನ್ನು ಅಳಿಸಿಬಿಡುವಳು. ಒಂದು ಮಧ್ಯಾಹ್ನ ರಾಧಿಕಾ ತನ್ನ ಹಣೆಯನ್ನೇ ಬಡಿದುಕೊಂಡಳು. ಹುಡುಗಿ ಅತ್ತಳು, ತಾಯಿಯೂ ಅತ್ತಳು. ಅದೇ ಹೊತ್ತಿಗೆ ಎದುರು ಮನೆಯ ತಾಜಬಿ ಸ್ಟೀಲಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು.

ತಾಜಬಿ ವಿಜಯಪುರದ ಕಡೆಯವಳು. ಗಂಡ ಮಕ್ತುಮಸಾಬ ಗೋವಂಡಿಯ ಬಜಾರದಲ್ಲಿ ಟೇಲರು. ಎರಡು ಮನೆಗಳ ನಡುವೆ ಡಬ್ಬಿಗಳು ಓಡಾಡತೊಡಗಿ ಎಷ್ಟೋ ವರ್ಷಗಳಾಗಿದ್ದವು: ಈದಿಗೆ ಅಲ್ಲಿಂದ ಖೀರು, ಪಂಚಮಿಗೆ ಇಲ್ಲಿಂದ ತಂಬಿಟ್ಟು, ನಡುನಡುವೆ ಉಪ್ಪಿನಕಾಯಿ, ಶೇಂಗಾ ಚಟ್ನಿ. ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದು ಆ ಕಾರಿಡಾರಿನಲ್ಲಿ ಇರಲಿಲ್ಲ. ಹಾಗಾಗಿ ಯಾವ ಹೊತ್ತಿಗೂ ಇವರ ಗೂಡಿನಲ್ಲಿ ಅವರ ಡಬ್ಬಿ, ಅವರ ಗೂಡಿನಲ್ಲಿ ಇವರ ಡಬ್ಬಿ.

"ಏನ ರಾಧಿಕಾ, ಬೇಟಿಗೆ ಕಲಸಾಕತ್ತೀಯೋ, ಪೊಲೀಸ್ ಚೌಕಿ ನಡಸಾಕತ್ತೀಯೋ?" ಎಂದಳು ತಾಜಬಿ. "ನಮ್ಮ ಅಲ್ತಾಫ ಕೆಳಗ ಪಾರ್ಕಿಂಗಿನ್ಯಾಗ ನಿಂತು ಕೇಳ್ಯಾನ, ಅಮ್ಮೀ ಯಾರ ಮನ್ಯಾಗ ಜಗಳ ಅಂತ."

ಯಕ್ಷಿತಾ ಅಳುತ್ತಲೇ ನಕ್ಕಳು. ರಾಧಿಕಾ ಮುಖ ಒರೆಸಿಕೊಂಡು ಡಬ್ಬಿ ಇಸಿದುಕೊಂಡು, ಗೂಡಿನಲ್ಲಿಡಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

"ಯಕ್ಷೀ, ಇಲ್ಲಿ ಬಾ. ಈ ಗೂಡಿನ್ಯಾಗ ತಾಜಬಿ ಖಾಲಾನ ಡಬ್ಬಿ ಎಷ್ಟು ಅದಾವ ನೋಡು."

"ಈಗ ಇದು ಸೇರಿ ಟು."

"ಖಾಲಾನ ಮನ್ಯಾಗ ನಮ್ಮವು?"

ತಾಜಬಿಯೇ ಉತ್ತರ ಕೊಟ್ಟಳು: "ಮೂರು ಅದಾವವಾ. ಒಂದರಾಗ ನಿಮ್ಮ ಅಜ್ಜಿ ಕೊಟ್ಟ ಗುರೆಳ್ಳು ಪುಡಿ ಇನ್ನಾ ಐತಿ."

"ನಾವು ಅಲ್ಯುಮಿನಿಯಂ ಅಂತ ತಿಳಿ," ಎಂದಳು ರಾಧಿಕಾ. ಅವಳ ಮಾತಿಗೆ ವೇಗ ಬಂತು. "ನಮ್ಮ ಮನೀ ತಾಕತ್ತು ಮೂರು ಡಬ್ಬಿ ಕೊಡೂದು. ಖಾಲಾನ ಮನಿ ಆಕ್ಸಿಜನ್. ಅವರ ತಾಕತ್ತು ಎರಡು. ನಮ್ಮ ಮೂರು ಅವರ ಗೂಡಿಗೆ ಹೋದವು. ಅವರ ಎರಡು ನಮ್ಮ ಗೂಡಿಗೆ ಬಂದವು. ಈಗ ನಮ್ಮ ಹೆಸರಿನ ಕೆಳಗ ಎಷ್ಟು ಬರೀತಿ?"

ಯಕ್ಷಿತಾ ಗೂಡನ್ನು ನೋಡಿದಳು, ಎದುರು ಬಾಗಿಲನ್ನು ನೋಡಿದಳು. ಆಮೇಲೆ ಕೂತು ಬರೆದಳು: Al₂O₃. ತಾಯಿಯ ಮುಖ ನೋಡಲಿಲ್ಲ.

ಅಂದಿನಿಂದ ಬಾಗಿಲು ತೆರೆದ ಹಾಗಾಯಿತು. ಕ್ಯಾಲ್ಸಿಯಂ ಎರಡು ಡಬ್ಬಿಯ ಮನೆ, ಕ್ಲೋರಿನ್ ಒಂದೇ ಡಬ್ಬಿಯ ಬಡ ಮನೆ: CaCl₂. ಸಲ್ಫೇಟು ಕೊಂಡಿ ಹಾಕಿದ ಮೂರಂತಸ್ತಿನ ಟಿಫಿನ್ನು. ಅದನ್ನು ಬಿಚ್ಚಬಾರದು, ಇಡಿಯಾಗಿಯೇ ಎತ್ತಿಕೊಡಬೇಕು, ಅದಕ್ಕೇ ಕಂಸ: Al₂(SO₄)₃. ತಾಜಬಿ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ, "ಏನವಾ, ಇವತ್ತ ಯಾರ ಮನಿ ಡಬ್ಬಿ ಯಾರ ಮನ್ಯಾಗ?" ಎಂದು ಕೇಳುವಳು. ಯಕ್ಷಿತಾ ಸೋಡಿಯಮ್ಮು, ನೈಟ್ರೇಟು ಎಂದು ಏನಾದರೂ ಹೇಳಿ ಓಡುವಳು. ರುದ್ರವ್ವ ಕೂಡ ಒಮ್ಮೆ, "ಕಲೀತದ ಬಿಡು," ಎಂದಳು. ರಾಧಿಕಾ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಒಂದು ದಿನ ಮೆಗ್ನೀಶಿಯಂ ಆಕ್ಸೈಡು ಬಂತು. ಇಬ್ಬರದೂ ಎರಡು. ಯಕ್ಷಿತಾ Mg₂O₂ ಎಂದು ಬರೆದು ಪೆನ್ಸಿಲು ಕಚ್ಚಿದಳು.

"ಮಮ್ಮಿ, ಸರ್ ಇಲ್ಲಿ ಏನೋ ಕಟ್ ಮಾಡ್ತಿದ್ರು. ಟು ಟು ಕಟ್."

"ಕಟ್ ಯಾಕ?"

"ಪತಾ ನಹೀ. ಸೇಮ್ ಇದ್ರ ಕಟ್ ಅಂತ."

ರಾಧಿಕಾ ಯೋಚಿಸಿದಳು. ಆ ಕಾರಿಡಾರಿನಲ್ಲಿ ಹದಿನಾಲ್ಕು ವರ್ಷ ಬಾಳಿದ ಹೆಂಗಸು ಹೇಗೆ ಯೋಚಿಸಬೇಕೋ ಹಾಗೆಯೇ ಯೋಚಿಸಿದಳು. ಮೂರನೆಯ ಮಾಳಿಗೆಯ ಮಲ್ಲವ್ವನಿಗೂ ಪಕ್ಕದ ಮನೆಯವರಿಗೂ ನೀರಿನ ಸಲುವಾಗಿ ಜಗಳವಾದಾಗ, ಮಲ್ಲವ್ವ ಅವರ ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದು, ಒರೆಸಿ, ಬರಿದು ಮಾಡಿ ಅವರ ಹೊಸ್ತಿಲ ಮೇಲೆ ಇಟ್ಟು ಬಂದಿದ್ದಳು. ಅವರೂ ಹಾಗೇ ಮಾಡಿದರು. ಅಂದಿನಿಂದ ಎರಡು ಮನೆಗೆ ಮಾತಿಲ್ಲ.

"ಅಲ್ಲವಾ, ನಮ್ಮವೆರಡು ಅವರಲ್ಲಿ, ಅವರವೆರಡು ನಮ್ಮಲ್ಲಿ. ಸರಿಗೆ ಸರಿ ಆತು ಅಂತ ತಗದು ಬಿಟ್ರ ಸಂಬಂಧ ಎಲ್ಲಿ ಉಳೀತು? ಮಲ್ಲವ್ವನ ಕತಿ ಆತಲ್ಲ ಅದು. ಕಟ್ ಮಾಡಬ್ಯಾಡ. ಸರ್ ಬ್ಯಾರೆ ಏನರ ಹೇಳಿರಬೇಕು, ನೀ ಅರ್ಧಾ ಕೇಳೀದಿ."

"ಪಕ್ಕಾ?"

"ಪಕ್ಕಾ. ಕಟ್ ಮಾಡಿದ್ಯೋ, ಹೋತು ನೋಡು."

ನೋಟ್ಸಿನಲ್ಲಿ ನೋಡಬಾರದಿತ್ತೇ ಎಂದರೆ, ನೋಡಿದ್ದಳು. ಯಕ್ಷಿತಾಳ ಗೆಳತಿ ಸಮೀನಾಳ ನೋಟ್ಸಿನ ಝೆರಾಕ್ಸು ಅದು; ಝೆರಾಕ್ಸಿನ ಝೆರಾಕ್ಸು. ಅಕ್ಷರದ ಕಾಲ ಬಳಿ ಬರುವ ಸಣ್ಣ ಅಂಕಿಗಳು ಎಷ್ಟೋ ಕಡೆ ಮಾಸಿಹೋಗಿದ್ದವು. ನೀರಿನ ಎರಡು ಹೋಗಿತ್ತು, ಸಲ್ಫೇಟಿನ ನಾಲ್ಕು ಹೋಗಿತ್ತು. ಅಂಥಲ್ಲಿ ರಾಧಿಕಾ ಪೆನ್ನು ಹಿಡಿದು ತಾನೇ ತಿದ್ದುತ್ತ ಬಂದಿದ್ದಳು. MgO ಕಂಡಾಗ ಅದೂ ಮಾಸಿದ ಅಂಕಿಯೆಂದೇ ತಿಳಿದು ಎರಡೂ ಕಡೆ ಎರಡೆರಡು ಹಾಕಿದಳು. CaOಗೆ ಹಾಕಿದಳು. CaCO₃ಕ್ಕೆ ಕಂಸ ಕಟ್ಟಿ ಹಾಕಿದಳು. ಮಗಳಿಗೆ ಒಂದು ಅಂಕಿಯೂ ತಪ್ಪಬಾರದು ಎಂಬ ಕಾಳಜಿಯಿಂದ ಪುಟಪುಟವೂ ಹಾಕುತ್ತ ಹೋದಳು.

ಪರೀಕ್ಷೆಯ ದಿನ ಮಳೆ ಇನ್ನೂ ಹಿಡಿದಿರಲಿಲ್ಲ, ಬರೀ ಸೆಕೆ. ರಾಧಿಕಾ ಶಾಲೆಯ ಗೇಟಿನ ಹೊರಗೆ, ಮಗಳು ಕೂತ ಕಿಟಕಿ ಕಾಣುವ ಜಾಗದಲ್ಲಿ ನಿಂತಳು. ವಾಚ್‌ಮನ್ ಬಂದು, ಆಚೆ ನೆರಳಿನಲ್ಲಿ ಕೂರಿ ಎಂದರೂ ಕದಲಲಿಲ್ಲ. ಕಿಟಕಿಯಲ್ಲಿ ಒಂದೆರಡು ಸಲ ಮಗಳ ಮುಖ ಇತ್ತ ತಿರುಗಿತು. ರಾಧಿಕಾ ಕೈ ಎತ್ತಿ, ಬರಿ ಬರಿ ಎಂದು ಸನ್ನೆ ಮಾಡಿದಳು.

ಬಿಟ್ಟ ಮೇಲೆ ಯಕ್ಷಿತಾ ಸಮೀನಾಳ ಜತೆ ಹೊರಗೆ ಬಂದಳು. ಸಮೀನಾಳದೂ ಮರುಪರೀಕ್ಷೆಯೇ.

"ಹ್ಯಾಂಗಾತು? ಎಲ್ಲಾ ಬರದಿ? ಸೂತ್ರದ್ದು ಬಂದಿತ್ತು?"

"ಬಂದಿತ್ತು. ಬಹುತ್ ಬಂದಿತ್ತು," ಎಂದಳು ಯಕ್ಷಿತಾ.

"ಮೆಗ್ನೀಶಿಯಂ ಆಕ್ಸೈಡ್?"

"ಹಾಂ."

"ಏನು ಬರದಿ?"

"Mg₂O₂."

ಸಮೀನಾ ಬಾಟಲಿಯ ನೀರು ಕುಡಿಯುತ್ತಿದ್ದವಳು ನಿಲ್ಲಿಸಿದಳು. "ಅರೆ ಪಾಗಲ್, ವೋ ಕಟ್ ಹೋತಾ ಹೈ ನ. ಟು ಟು ಕಟ್, ಸಿರ್ಫ್ MgO. ಸರ್‌ನೇ ಕಿತನೀ ಬಾರ್ ಬೋಲಾ."

ಯಕ್ಷಿತಾ ತಾಯಿಯ ಕಡೆ ನೋಡಿದಳು. ಬೈಯಲಿಲ್ಲ, ನೀನೇ ಹೇಳಿದ್ದಲ್ಲ ಎನ್ನಲಿಲ್ಲ. ಬರೀ ನೋಡಿ, ಕಣ್ಣು ಇಳಿಸಿ, ಚೀಲದ ಪಟ್ಟಿ ಸರಿ ಮಾಡಿಕೊಂಡಳು.

"ಇಲ್ಲೇ ನಿಂದ್ರು," ಎಂದು ಹೇಳಿ ರಾಧಿಕಾ, ವಾಚ್‌ಮನ್ ತಡೆಯುವ ಮೊದಲೇ ಗೇಟು ದಾಟಿ ಓಡಿದಳು.

ಅನಿಲಕುಮಾರ ಸರ್ ಸ್ಟಾಫ್ ರೂಮಿನಲ್ಲಿ ಕಟ್ಟು ಬಿಚ್ಚುತ್ತಿದ್ದರು. ಬರೆದವರು ಕೆಲವೇ ಮಂದಿ. ಅಂದೇ ತಿದ್ದಿ ಸುಪರ್‌ವೈಸರರಿಗೆ ಕೊಡಬೇಕಿತ್ತು. ಏದುಸಿರು ಬಿಡುತ್ತ ನಿಂತ ಹೆಂಗಸನ್ನು ನೋಡಿ ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಿ ಅಮ್ಮ. ಮೊದಲು ಉಸಿರು ತಗೊಳ್ಳಿ."

"ಸರ್, ಅಕೀದು ತಪ್ಪಲ್ರಿ. ನಂದು. ನಾನ ಹೇಳಿಕೊಟ್ಟೀನಿ ಕಟ್ ಮಾಡಬ್ಯಾಡಂತ." ಡಬ್ಬಿಯ ಕಥೆಯನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿದಳು: ತಾಜಬಿ, ಗೂಡು, ಮೂರು ಅತ್ತ, ಎರಡು ಇತ್ತ, ಮಲ್ಲವ್ವನ ಜಗಳ. ಸರ್ ನಗಲಿಲ್ಲ. ಪೆನ್ನಿನ ಟೊಪ್ಪಿ ಮುಚ್ಚಿಟ್ಟು ಪೂರ್ತಿ ಕೇಳಿದರು.

"ಉದಾಹರಣೆ ಚಂದ ಉಂಟು. ದಾಟಿಸುವಲ್ಲಿವರೆಗೆ ಸರಿಯೇ. ಆದರೆ ಸೂತ್ರ ಅಂದ್ರೆ ಯಾರ ಮನೆಯಲ್ಲಿ ಎಷ್ಟು ಉಂಟು ಅಂತ ಅಲ್ಲ ಅಮ್ಮ, ಒಬ್ಬನಿಗೆ ಎಷ್ಟು ಮಂದಿ ಅಂತ. ಎರಡಕ್ಕೆ ಎರಡು ಅಂದ್ರೂ ಒಂದಕ್ಕೆ ಒಂದು ಅಂದ್ರೂ ಪಾಲು ಒಂದೇ. ಒಂದು ಚಿಟಿಕೆಯಲ್ಲಿ ಅವು ಕೋಟಿ ಕೋಟಿ ಇರ್ತವೆ. ಅಷ್ಟೂ ಬರೀಲಿಕ್ಕೆ ಆಗ್ತದಾ? ಅದಕ್ಕೆ ಎಲ್ಲಕ್ಕಿಂತ ಸಣ್ಣ ಪಾಲು ಬರೀತೇವೆ."

"ಕಟ್ ಮಾಡಿದ್ರ ಸಂಬಂಧ ಮುರಿಯೂದಿಲ್ಲೇನ್ರಿ?"

"ಇಲ್ಲ. ಅದು ಹಾಗೇ ಇರ್ತದೆ."

ರಾಧಿಕಾ ಸೆರಗಿನ ತುದಿಯನ್ನು ಹಿಂಡುತ್ತ ಕೂತಳು. ಸರ್ ಕಟ್ಟಿನಿಂದ ಒಂದು ಪೇಪರು ಎಳೆದು ಬಿಡಿಸಿದರು. ಬೆರಳಿಟ್ಟು ಒಂದೊಂದೇ ಸಾಲು ನೋಡಿದರು.

"ನೀವು ಹೇಳಿದ್ದು ಪೂರ್ತಿ ಸರಿ ಅಲ್ಲ," ಎಂದರು. "ಅವಳಿಗೆ ಗೊತ್ತಿತ್ತು."

ಪೇಪರನ್ನು ಅವಳ ಕಡೆ ತಿರುಗಿಸಿದರು. MgO ಎಂದು ದುಂಡಗೆ ಬರೆದಿತ್ತು. ಅದರ ಮೇಲೆ ಒಂದು ಗೆರೆ. ಪಕ್ಕದಲ್ಲಿ ಇಕ್ಕಟ್ಟಿಗೆ Mg₂O₂. ಕೆಳಗೆ CaO, ಅದರ ಮೇಲೂ ಗೆರೆ. CaCO₃, ಗೆರೆ. ಗೆರೆ ಎಳೆಯುವಾಗ ಪೆನ್ನು ಒತ್ತಿ ಕಾಗದ ಹರಿಯುವಂತಾಗಿತ್ತು.

"ಮೊದಲು ಎಲ್ಲ ಕಡೆ ಸರಿಯೇ ಬರೆದದ್ದು. ಆಮೇಲೆ ಹೊಡೆದು ಹಾಕಿದ್ದಾಳೆ. ಹೊಡೆದು ಹಾಕಿದ್ದಕ್ಕೆ ಮಾರ್ಕು ಕೊಡ್ಲಿಕ್ಕೆ ನನಗೆ ಅಧಿಕಾರ ಇಲ್ಲ."

ಕಿಟಕಿಯಿಂದ ಇತ್ತ ತಿರುಗಿದ ಮುಖ ರಾಧಿಕಾಳಿಗೆ ನೆನಪಾಯಿತು. ತಾನು ಎತ್ತಿದ ಕೈಯೂ ನೆನಪಾಯಿತು.

"ಆ ಗೆರಿ ನಾ ಎಳದದ್ದು ಸರ್. ನಾನ. ಅಕಿ ಕೈ ಅಷ್ಟ ಅದು."

"ದಾಟಿಸಿದ ಹಂತಕ್ಕೆ ಎಲ್ಲ ಕಡೆ ಅರ್ಧ ಅರ್ಧ ಕೊಡ್ತೇನೆ. ಅದು ನನ್ನ ಕೈಯಲ್ಲಿ ಉಂಟು. ಉಳಿದದ್ದು..." ಸರ್ ಅವಳನ್ನು ಅಲ್ಲೇ ಕೂರಿಸಿಕೊಂಡು ಪೇಪರನ್ನು ಮೊದಲಿನಿಂದ ತಿದ್ದಿದರು. ಅಂಚಿನಲ್ಲಿ ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು, ಎಲ್ಲಾದರೂ ಬಿಟ್ಟಿದೆಯೇ ಎಂದು ಹುಡುಕಿದರು. ಪಾಸಿಗೆ ಸ್ವಲ್ಪ ಕಡಿಮೆ. ತೀರ ಸ್ವಲ್ಪ.

ಆಮೇಲೆ ಸುಪರ್‌ವೈಸರ್ ಮೇಡಂ. ಅನಿಲಕುಮಾರ ಸರ್ ಜತೆಗೆ ಬಂದು, ಗ್ರೇಸ್ ಮಾರ್ಕು ಕೊಡಬಹುದೆಂದು ಇಂಗ್ಲಿಷಿನಲ್ಲಿ ಹೇಳಿದರು. ಮೇಡಂ ತಲೆ ಅಲ್ಲಾಡಿಸಿದರು. ಇವಳಿಗೆ ಕೊಟ್ಟರೆ ಹೊರಗೆ ನಿಂತ ಉಳಿದ ತಾಯಂದಿರಿಗೆ ಏನು ಹೇಳಲಿ? ರಾಧಿಕಾ ಹಿಂದಿಯಲ್ಲಿ ಬೇಡಿದಳು, ಮರಾಠಿಯಲ್ಲಿ ಬೇಡಿದಳು, ಮಾತು ಮುಗಿದಾಗ ಬಗ್ಗಿ ಮೇಡಮ್ಮಿನ ಕಾಲು ಹಿಡಿದಳು. "ಅಹೋ, ಹೇ ಕಾಯ್," ಎಂದು ಅವರು ಕುರ್ಚಿ ಹಿಂದೆ ಸರಿಸಿದರು.

ತಲೆ ಎತ್ತಿದಾಗ ಬಾಗಿಲಲ್ಲಿ ಯಕ್ಷಿತಾ ನಿಂತಿದ್ದಳು. ಗೇಟಿನ ಬಳಿ ನಿಲ್ಲು ಎಂದರೆ ನಿಂತಿರಲಿಲ್ಲ.

"ಮಮ್ಮಿ, ಉಠೋ," ಎಂದಳು. "ಮನೀಗೆ ಹೋಗೂಣು."

ಎರಡು ದಿನ ರಾಧಿಕಾ ಉಣ್ಣಲಿಲ್ಲ. ಸೊಸೆ ಅನ್ನದ ಮುಂದೆ ಕೂತು ಎದ್ದು ಹೋಗುವುದನ್ನು ನೋಡಿ ರುದ್ರವ್ವ ಕೂಡ ಇಂಡಿಯ ಮಾತು ತೆಗೆಯಲಿಲ್ಲ. ಮೂರನೆಯ ದಿನ ಸೋಮನಾಥ ಪಾಳಿಗೆ ಹೋಗುವ ಮುಂಚೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಇಲ್ಲೇ ಇರಲಿ ಬಿಡು ಅಕಿ. ಆ ಫಾರ್ಮ ತುಂಬೂಣು. ಮನ್ಯಾಗ ಕೂತು ಓದಲಿ, ನೀ ಇರ್ತೀಯಲ್ಲ. ಅವ್ವಗ ನಾ ಹೇಳ್ತೀನಿ."

ರಾಧಿಕಾ ಗ್ಯಾಸಿನ ಕಟ್ಟೆ ಹಿಡಿದು ನಿಂತಳು. ತಾನು ಬೇಡಿಕೊಂಡದ್ದೆಲ್ಲ ಹೀಗೆ ಸುಮ್ಮನೆ, ಒಂದು ಬೆಳಿಗ್ಗೆ, ಚಹಾದ ಜತೆ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

"ಮಮ್ಮಿ." ಹಿಂದೆ ಯಕ್ಷಿತಾ ನಿಂತಿದ್ದಳು. "ನಾ ಅಜ್ಜಿ ಕೂಡ ಹೋಗ್ತೀನಿ."

"ಹೋಗಬೇಕಾಗಿಲ್ಲವಾ. ಪಪ್ಪಾ ಹೂಂ ಅಂದ್ರು, ಕೇಳಲಿಲ್ಲೇನು?"

"ಕೇಳಿದೆ. ನಾನ ಹೋಗ್ತೀನಿ. ಅಲ್ಲಿ ನೈನ್ತ್ ಮತ್ತ ಮಾಡ್ತೀನಿ."

"ಅಲ್ಲಿ ನಿನಗ ಯಾರು ಗೊತ್ತು? ಕನ್ನಡಾ ನೆಟ್ಟಗ ಓದಾಕ ಬರೂದಿಲ್ಲ ನಿನಗ."

"ಇಂಗ್ಲಿಷ್ ಮೀಡಿಯಮ್ ಅದ. ಕನ್ನಡಾ ಒಂದ ಸಬ್ಜೆಕ್ಟ್. ಸಂಗಪ್ಪ ಕಾಕಾಗ ಕೇಳೀನಿ."

"ಯಾವಾಗ ಕೇಳಿದಿ?"

"ಮೇ ದಾಗ."

ಮೇ ತಿಂಗಳು ಎಂದರೆ ಡಬ್ಬಿಗಳ ಲೆಕ್ಕ ಇಬ್ಬರೂ ನಗುತ್ತ ಮಾಡುತ್ತಿದ್ದ ತಿಂಗಳು. ರಾಧಿಕಾಳ ಮಾತು ಗದರಿಕೆಯಾಗಿ ಹೊರಟಿತು: "ಅಂದ್ರ ಫೇಲ್ ಆಗಾಕಂತ ಕಾಯಾಕತ್ತಿದ್ದಿ?"

"ನಹೀ ಮಮ್ಮಿ." ಹುಡುಗಿಯ ಕಣ್ಣು ತುಂಬಿದವು, ಆದರೆ ಅವಳು ಹಿಂದೆ ಸರಿಯಲಿಲ್ಲ. "ಪಾಸ್ ಆಗಬೇಕಂತನ ಬರದೆ. ಮೊದಲ ಕಟ್ ಮಾಡಿದ್ದೆ. ಆಮ್ಯಾಲ ಪೇಪರ್ ಮ್ಯಾಲ ನಿನ್ನ ಮುಖ ಕಾಣ್ತು. ಕಿಟಕಿ ಹೊರಗ ನೋಡಿದ್ರ ಅಲ್ಲೂ ನೀನ ನಿಂತಿದ್ದಿ. ಮತ್ತ ಹೊಡದು ಹಾಕಿದೆ." ಮೂಗು ಒರೆಸಿಕೊಂಡಳು. "ನೀ ಸಿಟ್ಟಾಗಬ್ಯಾಡ. ನನಗ ಒಂದ ಸಲ ನಾನ ಬರದು ನೋಡಬೇಕಾಗೈತಿ."

ಸೋಮನಾಥ ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ನಿಂತಿದ್ದ. ರಾಧಿಕಾ ಮಗಳನ್ನು ಹಿಡಿಯಲು ಕೈ ಚಾಚಿದಳು. ಚಾಚಿದ ಕೈಯನ್ನು ನೋಡಿಕೊಂಡು, ತಿರುಗಿ ಗ್ಯಾಸು ಆರಿಸಿದಳು.

ಹೊರಡುವವರೆಗೆ ಅವಳು ಬಿಡದೆ ಕಾಡಿದಳು, ಅದೇನೂ ಸುಳ್ಳಲ್ಲ. ಉಪವಾಸ ಕೂರುತ್ತೇನೆಂದಳು, ಬೇರೆ ಶಾಲೆ ಹುಡುಕುತ್ತೇನೆಂದು ಮಲಾಡಿನವರೆಗೆ ಹೋಗಿ ಬಂದಳು, ತಾಜಬಿಯನ್ನು ಕರೆತಂದು ಹೇಳಿಸಿದಳು. ತಾಜಬಿ ಹುಡುಗಿಯ ಗದ್ದ ಹಿಡಿದು ಏನೇನೋ ಕೇಳಿ, ಹೊರಗೆ ಬಂದು, "ಹೋಗಲಿ ಬಿಡು ರಾಧಿಕಾ. ಓಡಿ ಹೋಗಾಕತ್ತಿಲ್ಲಲ್ಲ, ಹೇಳಿ ಹೋಗಾಕತ್ತಾಳ," ಎಂದಳು. ಆ ಮಾತಿಗೆ ರಾಧಿಕಾ ಅವಳ ಮೇಲೂ ಮುನಿಸಿಕೊಂಡಳು.

ವಿಜಯಪುರದ ಬಸ್ಸು ಸಂಜೆ ಮೈತ್ರಿ ಪಾರ್ಕಿನ ಬಳಿ ನಿಲ್ಲುತ್ತದೆ. ಮಳೆ ಹಿಡಿದಿತ್ತು. ರಾಧಿಕಾ ಮಗಳ ಚೀಲಕ್ಕೆ ಎರಡು ಸ್ವೆಟರು, ಹೊಟ್ಟೆನೋವಿನ ಗುಳಿಗೆ, ನೀರಿನ ಎರಡು ಬಾಟಲಿ ತುಂಬಿದ್ದಳು. ಇಂಡಿಯಲ್ಲಿ ಸ್ವೆಟರಿನ ಚಳಿ ಎಲ್ಲಿಂದ ಬಂತು ಎಂದು ರುದ್ರವ್ವ ಕೇಳಿದಾಗ ಚೀಲದ ಜಿಪ್ಪು ಎಳೆದುಬಿಟ್ಟಳು. ಕಿಟಕಿಯ ಕಡೆ ಅಜ್ಜಿಯನ್ನು ಕೂರಿಸು, ನೀನು ಒಳಗೆ ಕೂರು. ಬಸ್ಸು ನಿಂತಲ್ಲಿ ಇಳಿಯಬೇಡ. ಹೇಳುವುದು ಬಾಯಿತುಂಬ ಇತ್ತು. ಯಕ್ಷಿತಾ ಕಿಟಕಿಯ ಕಡೆಯೇ ಕೂತಳು. ರಾಧಿಕಾ ಅದನ್ನು ನೋಡಿ, ಬಾಯಿ ತೆರೆದು, ಮುಚ್ಚಿಕೊಂಡಳು.

"ನಾನ ಫೋನ್ ಮಾಡ್ತೀನಿ ಮಮ್ಮಿ. ಮುಟ್ಟಿದ ಮ್ಯಾಲ. ನೀ ಮಾಡಬ್ಯಾಡ."

"ಹೂಂ."

"ಪ್ರಾಮಿಸ್?"

"ಹೂಂ ಅಂದೆನಲ್ಲ."

ಬಸ್ಸು ಹೋಯಿತು. ಒಂದೇ ಕೊಡೆಯ ಕೆಳಗೆ ಗಂಡ ಹೆಂಡತಿ ಮನೆಯ ಕಡೆ ನಡೆದರು. ಸೋಮನಾಥನ ಬಲಭುಜ ನೆನೆಯುತ್ತಿತ್ತು. ರಾಧಿಕಾ ಸೆರಗಿನೊಳಗೆ ಫೋನು ಹಿಡಿದಿದ್ದಳು. ಹೆಬ್ಬೆರಳು ಅದರ ಮೇಲೆ ಓಡಾಡುತ್ತಿತ್ತು. ರಸ್ತೆ ದಾಟಿ ಆಚೆ ಬದಿಗೆ ಬಂದದ್ದೇ ನಿಂತುಬಿಟ್ಟಳು.

"ರೀ, ನೀವ ಮಾಡ್ರಿ. ನಾ ಹೇಳಿದ್ನಂತ ಹೇಳಬ್ಯಾಡ್ರಿ."

"ಈಗರ ಹೋಗ್ಯಾರ ಅಲ್ಲ."

"ಒಂದ ಸಲ."

ಸೋಮನಾಥ ಕೊಡೆಯನ್ನು ಅವಳ ಕೈಗೆ ಕೊಟ್ಟು ಫೋನು ಹಚ್ಚಿದ. ರಾಧಿಕಾ ಅವನ ಕಿವಿಗೆ ತನ್ನ ಕಿವಿ ತಾಗುವಷ್ಟು ಹತ್ತಿರ ಬಂದಳು.

"ಹಾಂ ಯಕ್ಷೀ, ಏನಿಲ್ಲ, ಹಿಂಗ ಮಾಡಿದೆ. ಆರಾಮ ಕೂತೀರೇನು?"

ಅತ್ತ ಕಡೆಯಿಂದ ಬಸ್ಸಿನ ಸದ್ದು, ಯಾರದೋ ಮಾತು, ಆಮೇಲೆ ಮಗಳ ದನಿ.

"ಪಪ್ಪಾ, ಬಾಜೂಕ ನಿಂತಾಳಲ್ಲ? ವಾಶಿ ಬ್ರಿಡ್ಜ್ ಹತ್ತಿರ ಬಂತು ಅಂತ ಹೇಳ್ರಿ ಅಕೀಗೆ."